ಚಿಗರಿ ದಾಟುವ ಕಂಡಿಯಲ್ಲಿ ಲಕ್ಕಿ ಟೊಂಗೆ

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವ ಮುದುಕನನ್ನು ಯಾರೂ ತಡೆಯುವುದಿಲ್ಲ. ನೀರು ನೋಡುವವನು ಬಂದಿದ್ದಾನೆ ಎಂದು ದಾರಿ ಬಿಡುತ್ತಾರೆ, ಕರೆದು ಮಜ್ಜಿಗೆ ಕೊಡುತ್ತಾರೆ. ಹೋದ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಶೀಗಿ ಹುಣ್ಣಿಮೆಯವರೆಗೂ ನಾನು ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಹೊಲಗಳಲ್ಲಿ ಹಾಗೆ ನಡೆದೆ. ನನಗೆ ನೀರು ನೋಡಲು ಬರುವುದಿಲ್ಲ. ನಾನು ನೋಡುತ್ತಿದ್ದದ್ದು ಚಿಗರಿಯ ಹೆಜ್ಜೆ.

ಚಿಗರಿ ಅಂದರೆ ಕೃಷ್ಣಮೃಗ; ಅದನ್ನು ಹೊಡೆಯುವುದು ಅಪರಾಧ ಎಂದು ನನಗೆ ಆಗಲೂ ಗೊತ್ತಿತ್ತು. ನನ್ನ ಮೇಲಿನ ಪ್ರಕರಣ ಇನ್ನೂ ನಡೆದಿದೆ. ಕೋರ್ಟಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೇನೆ. ಇಲ್ಲಿ ಬರೆಯುತ್ತಿರುವುದು ಅಲ್ಲಿ ಯಾರೂ ಕೇಳದೆ ಉಳಿದದ್ದು.

ನಾನು ದುಂಡಸಿ ಕಡೆಯವನು. ಸವಣೂರಿನ ಎರೆಹೊಲಗಳಲ್ಲಿ, ಶಿಗ್ಗಾಂವಿಯ ಗೋವಿನಜೋಳದ ಹೊಲಗಳಲ್ಲಿ ಬಹಳ ವರ್ಷ ಬೆಳೆ ಕಾದಿದ್ದೇನೆ. ಹಂದಿ ಯಾವ ಮಗ್ಗುಲಿನಿಂದ ಇಳಿಯುತ್ತದೆ, ಯಾವ ಗಾಳಿಗೆ ತಿರುಗಿ ಹೋಗುತ್ತದೆ ಎಂದು ನೆಲ ನೋಡಿ ಹೇಳುವುದು ನನ್ನ ಕೆಲಸವಾಗಿತ್ತು. ಕಾಲು ಸೋತ ಮೇಲೆ ಮನೆಯಲ್ಲಿ ಕುಳಿತಿದ್ದೆ. ಹಾನಗಲ್ಲಿನ ಒಬ್ಬ ಗುತ್ತಿಗೆದಾರ ನನ್ನನ್ನು ಹುಡುಕಿಕೊಂಡು ಬಂದದ್ದು ಆಗ. ಹಂಸಭಾವಿ ಕಡೆ ಹೊಸದಾಗಿ ಹೊಲ ಕೊಂಡಿದ್ದ. ಅಲ್ಲಿ ಚಿಗರಿ ಬರುತ್ತವೆ, ಒಂದನ್ನಾದರೂ ಹೊಡೆಯಬೇಕು ಎಂಬುದು ಅವನ ಆಸೆ.

"ನೆಲ ನನಗೂ ಹೊಸದು, ಜನಾನೂ ಹೊಸಬರು," ಎಂದ. "ನಿಮ್ಮಂಗ ನೆಲ ಓದಾವ್ರು ಈಗ ಯಾರೂ ಉಳದಿಲ್ಲಂತ. ಎಲ್ಲಾರೂ ನಿಮ್ಮ ಹೆಸರ ಹೇಳ್ತಾರ, ಕಾಕಾ."

ನನ್ನ ಹೆಂಡತಿ ಒಳಗಿನಿಂದಲೇ ಅಂದಳು, "ಮನಿ ಮುಂದಿನ ಮೆಟ್ಟಲಾ ಕಾಣೂದಿಲ್ಲ ಇವರಿಗೆ. ಚಿಗರಿ ತೋರಸ್ತಾರಂತ."

ಆ ಮಾತಿಗೆ ಗುತ್ತಿಗೆದಾರ ನಕ್ಕ. ನನಗೆ ನಗು ಬರಲಿಲ್ಲ. ಕಾಣುತ್ತದೆ ಎಂದು ತೋರಿಸಬೇಕೆನಿಸಿತು. ನಾನು ಒಪ್ಪಿದ್ದು ಅಷ್ಟಕ್ಕೇ. ಬಡತನ ಕಾರಣ ಎಂದು ನಮ್ಮ ವಕೀಲರು ಬರೆಸಿದ್ದಾರೆ. ಅದು ನಿಜವಲ್ಲ.

ತೆಂಗಿನಕಾಯಿಯ ಉಪಾಯ ಅವನದು. ಹೊಸ ಮಾಲೀಕ ಬಾವಿ ಕೊರೆಸಲು ನೀರು ನೋಡಿಸುತ್ತಿದ್ದಾನೆ ಎಂದರೆ ಊರಿನವರು ನಂಬುತ್ತಾರೆ ಎಂದ. ಅವನ ಹೊಲದ ಮನೆಯಲ್ಲಿ ನನಗೆ ಇಳಿದುಕೊಳ್ಳಲು ವ್ಯವಸ್ಥೆ ಮಾಡಿದ.

ಗೊತ್ತಿಲ್ಲದ ನೆಲದಲ್ಲಿ ಮೊದಲು ಮಾಡಬೇಕಾದ್ದು ನಾಲ್ಕೂ ದಿಕ್ಕಿಗೆ ನಡೆಯುವುದು. ಬಡಗಣಕ್ಕೆ ಕುರುಚಲು ಗುಡ್ಡ, ತೆಂಕಣಕ್ಕೆ ಹಳ್ಳ. ಮೂಡಣದ ಒಡ್ಡಿನಾಚೆ ಬೇರೆಯವರ ಹೊಲ, ಅದರಾಚೆ ಊರು. ಗುತ್ತಿಗೆದಾರನ ಹೊಲದಲ್ಲಿ ಗೋವಿನಜೋಳ ಕೊಯ್ಲಾಗಿ ದಂಟಿನ ಬಣವಿ ಒಟ್ಟಿದ್ದರು. ಮೂಡಣದ ಹೊಲದಲ್ಲಿ ಹಿಂಗಾರಿ ಕಡಲೆ ಆಗತಾನೇ ಮೊಳೆತಿತ್ತು. ಎಳೆ ಕಡಲೆ ಇರುವಲ್ಲಿಗೆ ಚಿಗರಿ ಬಾರದೆ ಇರುವುದಿಲ್ಲ.

ಹೆಜ್ಜೆ ಸಿಕ್ಕಿತು. ಆಡಿನ ಹೆಜ್ಜೆಗಿಂತ ಸಣ್ಣದು, ತುದಿ ಚೂಪು. ಗುಡ್ಡದ ಬುಡದಲ್ಲಿ ಹಿಕ್ಕೆಯ ಗುಡ್ಡೆಯೂ ಸಿಕ್ಕಿತು. ಗಂಡು ಚಿಗರಿ ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ; ಮೇಲಿನದು ಹಸಿಯಾಗಿದ್ದರೆ ಅದು ಅಲ್ಲಿಯೇ ಇದೆ ಎಂದು ಅರ್ಥ. ಹಸಿಯಾಗಿತ್ತು. ಆದರೆ ಎರಡು ದಿನದಲ್ಲಿ ಒಂದು ಕುರಿಹಿಂಡು ಬಂದು ಗುತ್ತಿಗೆದಾರನ ಹೊಲದಲ್ಲೇ ತಂಗಿತು. ಹಿಂಡು ಹೋಗುವ ಹೊತ್ತಿಗೆ ಸುತ್ತಮುತ್ತಲಿನ ಎಲ್ಲ ಗುರುತೂ ತುಳಿದು ಹಾಳಾಗಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದೆ.

ಮೂಡಣದ ಹೊಲದ ಹೆಂಗಸನ್ನು ನಾನು ನೋಡಿದ್ದು ಆಗ. ನಡುವಯಸ್ಸು ದಾಟಿದಾಕೆ. ಗಂಡ ತೀರಿಕೊಂಡ ಮೇಲೆ ಹೊಲದ ಕೆಲಸವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಒಡ್ಡಿನ ಮೇಲೆ ನಿಂತು ನನ್ನನ್ನು ಬಹಳ ಹೊತ್ತು ನೋಡಿ ಕೇಳಿದಳು:

"ಅಜ್ಜಾರ, ಕಾಯಿ ಕೈಯಾಗ ಐತಿ, ಕಣ್ಣ ನೆಲದಾಗ ಅದಾವು. ಏನರೆ ಕಳಕೊಂಡೀರೇನು?"

"ನೀರ ಇರೂದು ನೆಲದಾಗಲ್ಲೇನವಾ," ಎಂದೆ.

"ಅದೂ ಖರೇನ. ಹಂಗಾರ ನಮ್ಮ ಹೊಲಾನೂ ಒಂಚೂರು ನೋಡ್ರಿ. ಕೊರಿಯೋ ಗಾಡಿಯವ್ರಿಗೆ ಹೇಳಿಟ್ಟೇನಿ. ಎಲ್ಲಿ ಕೊರಸೂದಂತ ಗೊತ್ತಾಗವಲ್ದು."

ಬೇಡ ಎನ್ನಬೇಕಾಗಿತ್ತು. ಆದರೆ ಆಕೆಯ ಕಡಲೆ ಹೊಲದಲ್ಲಿ ಕಾಲಿಡಲು ನನಗೆ ನೆಪ ಬೇಕಾಗಿತ್ತು. ಕಾಯಿ ಹಿಡಿದು ಒಡ್ಡಿನ ಗುಂಟ ನಡೆದೆ. ಆಕೆ ನನ್ನ ಹಿಂದೆಯೇ ಬಂದಳು. ಒಂದು ಕಡೆ ಮಳೆಗೆ ಒಡ್ಡು ಒಡೆದು ಕಂಡಿ ಬಿದ್ದಿತ್ತು. ಕಂಡಿಯ ಹಸಿ ಮಣ್ಣಿನಲ್ಲಿ ನಾನು ಹುಡುಕುತ್ತಿದ್ದದ್ದೆಲ್ಲ ಇತ್ತು. ಚಿಗರಿಗಳ ಹಿಂಡು ಅಲ್ಲಿಂದಲೇ ದಾಟುತ್ತಿತ್ತು. ಹೋಗುವ ಹೆಜ್ಜೆಗಳೆಲ್ಲ ಗುಡ್ಡದ ಕಡೆಗೇ ಮುಖ ಮಾಡಿದ್ದವು. ಅಂದರೆ ಕಡಲೆ ಮೇಯ್ದು ಗುಡ್ಡಕ್ಕೆ ಮರಳುವ ದಾರಿ ಅದು. ನಾನು ಅಲ್ಲೇ ನಿಂತುಬಿಟ್ಟೆ. ಕೈಯಲ್ಲಿ ಕಾಯಿ ಇರುವುದು ಮರೆತೇ ಹೋಗಿತ್ತು.

"ನಿಂತ್ರ್ಯಲ್ಲರಿ," ಎಂದಳು ಆಕೆ ಮೆಲ್ಲಗೆ. "ಇಲ್ಲೇ ಐತೇನ್ರಿ?"

"ಹೂಂ," ಎಂದೆ.

ನಾನು ಹೇಳಿದ್ದು ಅಷ್ಟೇ. ಆಕೆ ಎರಡನೇ ಸಲ ಕೇಳಲಿಲ್ಲ. ಹಳ್ಳದ ದಂಡೆಗೆ ಹೋಗಿ ಲಕ್ಕಿ ಗಿಡದ ಟೊಂಗೆ ಮುರಿದು ತಂದು, ಕೊರೆಯುವ ಜಾಗದ ಗುರುತಿಗೆಂದು ನನ್ನ ಕೈಗೆ ಕೊಟ್ಟಳು. "ನಿಮ್ಮ ಕೈಲೆ ಹುಗಸ್ರಿ" ಎಂದಳು. ನಾನು ನೆಟ್ಟೆ. ಆಕೆ ಬುಡಕ್ಕೆ ಮೂರು ಕಲ್ಲು ಇಟ್ಟು ಸೆರಗು ಮುಂದೆ ಮಾಡಿ ಕೈ ಮುಗಿದಳು. ಅವತ್ತು ಆಕೆ ಕೊಟ್ಟ ರೊಟ್ಟಿ, ಪುಂಡಿಪಲ್ಯ ತಿಂದೆ. ಗಂಟಲಿನಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

ಗುತ್ತಿಗೆದಾರ ಜೋಡುನಳಿಗೆ ಬಂದೂಕು ತಂದ. ಬೆಳೆ ಕಾಯಲೆಂದು ಪರವಾನಗಿ ಪಡೆದದ್ದು. ಮೊದಲನೆಯ ಪ್ರಯತ್ನದಲ್ಲಿ ನಾವು ಗುಡ್ಡದ ಬುಡದಲ್ಲಿ ಕುಳಿತೆವು. ಸಂಜೆ ನಾನು ಬೂದಿ ತೂರಿ ಗಾಳಿ ನೋಡಿದ್ದೆ. ಹಳ್ಳದ ಕಡೆಯಿಂದ ಮೇಲಕ್ಕೆ ಬೀಸುತ್ತಿತ್ತು. ನಮ್ಮ ವಾಸನೆ ಗುಡ್ಡಕ್ಕೆ ಹೋಗುತ್ತದೆ, ಹೊಲಕ್ಕೆ ಬರುವುದಿಲ್ಲ ಎಂದುಕೊಂಡೆ. ಬೆಳಗಿನ ಜಾವ ತಂಪು ಇಳಿದ ಕೂಡಲೇ ಗಾಳಿ ತಿರುಗಿ ಗುಡ್ಡದಿಂದ ಕೆಳಕ್ಕೆ ಜಾರಿತು. ಕತ್ತಲಲ್ಲಿ ಒಂದು ಉಸಿರಿನ ಸದ್ದು, ಆಮೇಲೆ ಗೊರಸಿನ ಸದ್ದು. ಬೆಳಕಾದಾಗ ಖಾಲಿ ಹೊಲ.

ಎರಡನೆಯ ಸಲ ಗಾಳಿ ಸರಿಯಿತ್ತು. ಆದರೆ ಬಂದೂಕಿನ ತುದಿ ಕಾಣುವಷ್ಟು ಬೆಳಕಾಗುವ ಮೊದಲೇ ಹಿಂಡು ಕಂಡಿ ದಾಟಿ ಹೋಗಿತ್ತು. ಗುತ್ತಿಗೆದಾರನಿಗೆ ಬೇಸರವಾಯಿತು.

"ಕಾಕಾ, ನಾವು ಚಿಗರಿ ಹೊಡ್ಯಾಕ ಬಂದೇವೋ, ಬೂದಿ ಮಾರಾಕ ಬಂದೇವೋ?"

"ಇನ್ನೊಂದ ಸಲ ಬರ್ರಿ ಸಾಹೇಬ್ರ. ಬೆಳಕ ನಾನ ಕೊಡಸ್ತೇನಿ," ಎಂದೆ.

ಹುಣ್ಣಿಮೆಯ ಬೆಳಗಿನ ಜಾವ ಚಂದ್ರ ಪಡುವಣದಲ್ಲಿ ಇಳಿಯುತ್ತಿರುತ್ತದೆ. ದಂಟಿನ ಬಣವಿ ಕಂಡಿಯ ಪಡುವಣಕ್ಕೆ, ಕವಣೆಕಲ್ಲು ಬೀಳುವಷ್ಟು ದೂರದಲ್ಲಿತ್ತು. ಅದರ ಮೂಡಣದ ಮಗ್ಗುಲಲ್ಲಿ ದಂಟು ಸರಿಸಿ ಕುಳಿತರೆ ಚಂದ್ರ ನಮ್ಮ ಬೆನ್ನಿಗೆ. ನಾವು ನೆರಳಿನಲ್ಲಿ, ಕಂಡಿ ಬೆಳಕಿನಲ್ಲಿ. ಮೂಡಣದಿಂದ ಬರುವ ಚಿಗರಿಯ ಕಣ್ಣಿಗೆ ಚಂದ್ರ ಎದುರಾಗುತ್ತದೆ. ಗಾಳಿ ಗುಡ್ಡದಿಂದ ಹಳ್ಳಕ್ಕೆ ಅಡ್ಡ ಹೋಗುತ್ತದೆ. ಇದನ್ನೆಲ್ಲ ಹೊಂದಿಸಿದಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಜನರ ವಿಚಾರವನ್ನೂ ಮಾಡಿದೆ. ಅವತ್ತು ಶೀಗಿ ಹುಣ್ಣಿಮೆ. ನಮ್ಮ ದುಂಡಸಿ ಕಡೆ ಅವತ್ತು ಹೆಂಗಸರು ನಸುಕಿನಲ್ಲೇ ಒಲೆ ಹಚ್ಚುತ್ತಾರೆ. ಕಡುಬು, ಹೋಳಿಗೆ, ಪಲ್ಯ ಎಲ್ಲ ಮುಗಿದು, ಎತ್ತುಗಳ ಮೈ ತೊಳೆದು, ಬಂಡಿ ಕಟ್ಟಿಕೊಂಡು ಹೊಲಕ್ಕೆ ಬಂದು ಭೂಮಿತಾಯಿಗೆ ಚರಗ ಚೆಲ್ಲುವುದು ಹೊತ್ತು ನೆತ್ತಿಗೇರಿದ ಮೇಲೆ. ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತ, ಮುಂದೆ ಹೋಗುವವರು ಕೂಗುತ್ತಾರೆ, ಹಿಂದೆ ಬರುವವರು ದನಿಗೂಡಿಸುತ್ತಾರೆ. ಆ ದಿನ ಮಧ್ಯಾಹ್ನದವರೆಗೆ ಹೊಲದಲ್ಲಿ ಯಾರೂ ಇರುವುದಿಲ್ಲ. ಬಂದೂಕು ಹಾರಿಸಲು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ನಸುಕು ಇಲ್ಲ ಎಂದು ನಾನೇ ಗುತ್ತಿಗೆದಾರನಿಗೆ ಹೇಳಿದೆ. ಆ ಊರಿನಲ್ಲಿ ಹೇಗೆ ಎಂದು ಯಾರನ್ನೂ ಕೇಳಲಿಲ್ಲ. ಹುಣ್ಣಿಮೆ ನನಗೆ ಗೊತ್ತಿದ್ದ ಹಬ್ಬ. ನೆಲ ಮಾತ್ರ ಹೊಸದು ಎಂದುಕೊಂಡಿದ್ದೆ.

ಕೇಳುವ ಅವಕಾಶವೂ ಇತ್ತು. ಹಬ್ಬದ ಹಿಂದಿನ ದಿನ ಆಕೆ ಒಡ್ಡಿನಾಚೆಯಿಂದ ಕರೆದಿದ್ದಳು.

"ಅಜ್ಜಾರ, ನಾಳೆ ನಮ್ಮ ಹೊಲಕ್ಕ ಬರ್ರಿ. ನೀರ ತೋರಿಸಿದಾವ್ರು ನೀವು, ನಿಮ್ಮನ್ನ ಬಿಟ್ಟ ಹೆಂಗ ಉಣ್ಣೂದು."

"ಮಧ್ಯಾಹ್ನ ಬರ್ತೇನವಾ."

"ಮಧ್ಯಾಹ್ನ ಬಂದ್ರ ತಂಗಳಾನ ಸಿಗ್ತೈತಿ ನಿಮಗ," ಎಂದು ನಕ್ಕಳು. ಮುದುಕನಿಗೆ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ನಕ್ಕೆ. ಚಿಗರಿಯ ಹಿಕ್ಕೆ ಮುಟ್ಟಿ ಹಸಿಯೋ ಒಣಗಿದ್ದೋ ಎಂದು ನೋಡಿದವನು ಆ ಮಾತನ್ನು ಹಾಗೇ ಬಿಟ್ಟೆ.

ಆ ನಸುಕಿನಲ್ಲಿ ನಾವು ಬಣವಿಯಲ್ಲಿ ಕುಳಿತೆವು. ವಾಸನೆ ಹೋಗಬಾರದೆಂದು ನಾನು ಎಲೆ ಅಡಿಕೆ ಬಿಟ್ಟಿದ್ದೆ, ಅವನಿಗೂ ಸಿಗರೇಟು ಬಿಡಿಸಿದ್ದೆ. ಒಂದು ಕಟ್ಟಪ್ಪಣೆ ಮಾಡಿದ್ದೆ: ನಾನು ಭುಜ ಮುಟ್ಟುವವರೆಗೆ ಹಾರಿಸಬಾರದು. ಯಾವುದು ಚಿಗರಿ, ಯಾವುದು ದನ ಎಂದು ಹೇಳುವುದು ನನ್ನ ಕೆಲಸ. ಬಂದೂಕು ಅವನದಾದರೂ ಕಣ್ಣು ನನ್ನದು ಎಂದು ನಾನೇ ಹೇಳಿದ್ದೆ.

ಊರಿನಲ್ಲಿ ಒಲೆಗಳು ಹತ್ತಿದ್ದವು. ಹೊಗೆ ತಗ್ಗಿನಲ್ಲಿ ಹರಡಿತ್ತು. ನನ್ನ ಲೆಕ್ಕಕ್ಕೆ ಅದೂ ಒಳ್ಳೆಯದೇ ಆಗಿತ್ತು. ಎಲ್ಲರೂ ಒಲೆಯ ಮುಂದಿದ್ದಾರೆ ಎಂದು.

ಕಡಲೆ ಹೊಲದಲ್ಲಿ ಏನೋ ಅಲುಗಿತು. ನೆಲಕ್ಕೆ ತಗ್ಗಿ ಬರುತ್ತಿತ್ತು. ನಾಲ್ಕು ಹೆಜ್ಜೆ ಬರುವುದು, ನಿಲ್ಲುವುದು, ಬಾಗುವುದು. ಮೇಯುತ್ತ ಬರುವ ಚಿಗರಿ ಹಾಗೇ ಬರುತ್ತದೆ. ಬೆನ್ನು ಕಪ್ಪಗೆ ಕಂಡಿತು. ಹೊಟ್ಟೆಯ ಕೆಳಗೆ ಬೆಳ್ಳಗೆ ಏನೋ ಹೊಳೆಯಿತು. ಗಂಡು ಚಿಗರಿಯ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಅದು ನೇರವಾಗಿ ಕಂಡಿಗೇ ಬಂತು. ನಾನು ಹೇಳಿದ ಜಾಗಕ್ಕೆ, ನಾನು ಹೇಳಿದ ಹೊತ್ತಿಗೆ. ಕಂಡಿಯಲ್ಲಿ ನಿಂತು ತಲೆ ತಗ್ಗಿಸಿತು.

ನಾನು ಅವನ ಭುಜ ಮುಟ್ಟಿದೆ.

ಅಷ್ಟರಲ್ಲಿ ಕಂಡಿಯಿಂದ ಹೆಂಗಸಿನ ದನಿ ಬಂತು. "ಹುಲ್ಲುಲ್ಲಿಗೋ..."

ಚರಗದ ಕೂಗು. ನನ್ನ ಕೈ ನಳಿಗೆಯನ್ನು ಕೆಳಗಿನಿಂದ ಹೊಡೆದು ಮೇಲಕ್ಕೆ ಎತ್ತಿತು. ಗುಂಡು ಹಾರಿತು. ಒಡ್ಡಿನ ಮೇಲಿದ್ದ ಬನ್ನಿಗಿಡದ ಎಲೆ ಉದುರಿದ್ದನ್ನು ಬೆಳದಿಂಗಳಲ್ಲಿ ಕಂಡೆ. ಆಕೃತಿ ಕುಸಿದು ಕುಳಿತಿತು. ಭುಜ ಮುಟ್ಟಿದ ನನ್ನ ಕೈ ಮೊದಲೋ ಆಕೆಯ ದನಿ ಮೊದಲೋ ಎಂದು ಆಮೇಲೆ ವಕೀಲರು ಬಗೆಬಗೆಯಾಗಿ ಕೇಳಿದರು. ನನ್ನ ಕೈಯೇ ಮೊದಲು. ನಾನು ಹೊಡೆ ಎಂದದ್ದು ಆಯಿತು, ಆಮೇಲೆ ಆಕೆ ಕೂಗಿದಳು. ಆಕೆಯ ಜೀವ ಉಳಿಸಿದ್ದು ಆಕೆಯ ದನಿಯೇ.

ಗುತ್ತಿಗೆದಾರ ಎದ್ದು ನಿಂತಿದ್ದ. "ಹತ್ತಿಲ್ಲ. ಯಾರಿಗೂ ಹತ್ತಿಲ್ಲ. ನಡೀರಿ ಕಾಕಾ, ಗಾಡಿ ಹತ್ರಿ. ನಮ್ಮ ಮುಖಾ ನೋಡಿಲ್ಲ ಆಕಿ."

"ನೀವ ಹೋಗ್ರಿ," ಎಂದೆ.

"ನಿಮಗ ತಲಿ ಕೆಟ್ಟೈತೇನು?"

ನಾನು ಕಂಡಿಯ ಕಡೆ ಹೊರಟೆ. ಅವನು ಹೋದ. ಗಾಡಿಯ ಸದ್ದು ದೂರವಾಗುವ ಹೊತ್ತಿಗೆ ನಾನು ಕಂಡಿಯ ಹತ್ತಿರ ಬಂದಿದ್ದೆ.

ಮೂಡಣದ ಹೊಲದಾಕೆ. ತಲೆಯ ಮೇಲಿಂದ ಕರಿಕಂಬಳಿ ಹೊದ್ದಿದ್ದಳು. ಮುಂದೆ ಬುಟ್ಟಿ. ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿ ಚಿತ್ತಾರ ಬರೆದ ಹಬ್ಬದ ಬುಟ್ಟಿ. ಹೊಟ್ಟೆಯ ಕೆಳಗೆ ನಾನು ಕಂಡ ಬಿಳಿ ಅದು. ಎಳೆ ಕಡಲೆ ತುಳಿಯದಂತೆ ನಿಂತು, ಬಾಗಿ ನೋಡುತ್ತ ಬಂದಿದ್ದಳು. ನನ್ನನ್ನು ಕಂಡು ಧೈರ್ಯ ತಂದುಕೊಂಡಳು.

"ಯಾರೋ ಹಂದಿಗೆ ಹಾರಿಸಿದ್ರು ಕಾಣಸ್ತೈತ್ರಿ. ಎದಿ ಹಾರಿ ಹೋತು. ಛಲೋ ಆತು ನೀವು ಬಂದದ್ದು. ಮಧ್ಯಾಹ್ನ ಬರ್ತೇನಿ ಅಂದಿದ್ರಿ, ಹೊತ್ತಿಗೆ ಸರಿಯಾಗಿ ಬಂದೀರಿ."

ಆ ಊರಿನಲ್ಲಿ ಹೊತ್ತು ಮೂಡುವ ಮೊದಲೇ, ಹಕ್ಕಿ ಏಳುವ ಮೊದಲೇ ಚರಗ ಚೆಲ್ಲಿ ಮುಗಿಸುತ್ತಾರಂತೆ. ಮನೆಯಲ್ಲಿ ಗಂಡಸರಿಲ್ಲದ್ದಕ್ಕೆ ಆಕೆಯೇ ಬಂದಿದ್ದಳು. ಬೇರೆಯವರು ತಮ್ಮ ತಮ್ಮ ಹೊಲಕ್ಕೆ ಹೋಗಿದ್ದರು. ಇದನ್ನೆಲ್ಲ ಹೇಳುತ್ತ ಬುಟ್ಟಿಯಿಂದ ಒಂದು ಕಡುಬು ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು.

"ಸುತ್ತ ಹಾಕೂಕಿಂತ ಮೊದಲ ಇಲ್ಲಿ ನೀರಿನ ಜಾಗಕ್ಕ ಹಾಕಬೇಕಂತ ನೆಟ್ಟಗ ಇಲ್ಲಿಗೇ ಬಂದೆ. ಮುಂದಿನ ವಾರ ಗಾಡಿ ಬರ್ತೈತಿ. ನೀವು ನನ್ನ ಹಿಂದ ಬರ್ರಿ ಅಜ್ಜಾರ. ನಾ ಕೂಗತೇನಿ, ನೀವು ದನಿಗೂಡಸ್ರಿ. ಒಬ್ಬಾಕಿನ ಕೂಗಿ ಕೂಗಿ ನನಗೂ ಬ್ಯಾಸರ."

ಲಕ್ಕಿ ಟೊಂಗೆಯ ಬುಡದಲ್ಲಿ ಅನ್ನ, ಪಲ್ಯ ಕಲಸಿದ ಒಂದು ಮುಷ್ಟಿ ಚರಗ ಬಿದ್ದಿತ್ತು. ಆಕೆ ಬಂದೂಕಿನ ಮುಂದೆ ನಿಂತದ್ದು ಹುಣ್ಣಿಮೆಯಿಂದಲ್ಲ, ನನ್ನ ಒಂದು 'ಹೂಂ'ನಿಂದ. ಸುಮ್ಮನೆ ಹಿಂದೆ ಹೋಗಿ ದನಿಗೂಡಿಸಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತು. ಆಕೆಗೆ ಏನೂ ತಿಳಿಯುತ್ತಿರಲಿಲ್ಲ. ಮುಂದಿನ ವಾರ ಗಾಡಿ ಬಂದು ಚಿಗರಿ ದಾಟುವ ಜಾಗದಲ್ಲಿ ಕೊರೆಯುತ್ತಿತ್ತು. ನಾನು ನಮ್ಮೂರಲ್ಲಿರುತ್ತಿದ್ದೆ.

"ಯವ್ವಾ, ಇಲ್ಲಿ ಕೊರಸಬ್ಯಾಡ," ಎಂದೆ. "ನನಗ ನೀರು ನೋಡಾಕ ಬರೂದಿಲ್ಲ."

ಆಕೆಗೆ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿದೆ. ಕಾಯಿ ಯಾಕೆ ಹಿಡಿದೆ, ಇಲ್ಲಿ ಯಾಕೆ ನಿಂತೆ, ಬಣವಿಯಲ್ಲಿ ಯಾರಿದ್ದರು, ಯಾರ ಭುಜವನ್ನು ಯಾರು ಮುಟ್ಟಿದರು. ಹೇಳುತ್ತಿದ್ದಾಗ ಆಕೆ ಕಂಬಳಿಯನ್ನು ತಲೆಯಿಂದ ಇಳಿಸಿ ಹೆಗಲ ಮೇಲೆ ಹಾಕಿಕೊಂಡಳು. ಬಣವಿಯ ಕಡೆ ನೋಡಿದಳು, ಬನ್ನಿಗಿಡದ ಕಡೆ ನೋಡಿದಳು.

"ನಾ ಚಿಗರಿ ಕಂಡಂಗ ಕಂಡ್ನೇನ್ರಿ?"

"ಹೂಂ," ಎಂದೆ. ಅದೇ ಮಾತು. ಈ ಸಲ ನಿಜವಾಗಿತ್ತು.

ಆಕೆ ಬೈಯಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡು ಎದ್ದಳು. ಶುರು ಮಾಡಿದ ಚರಗವನ್ನು ಅರ್ಧಕ್ಕೆ ಬಿಡುವಂತಿಲ್ಲ. ಒಡ್ಡಿನ ಗುಂಟ ಚೆಲ್ಲುತ್ತ, ಕೂಗುತ್ತ ಹೊರಟಳು. ಹಿಂದೆ ಬಾ ಎನ್ನಲಿಲ್ಲ. ಪ್ರತಿ ಕೂಗಿನ ನಂತರ ಅಭ್ಯಾಸದಂತೆ ಸ್ವಲ್ಪ ನಿಲ್ಲುತ್ತಿದ್ದಳು. ದನಿಗೂಡಿಸುವವರು ಯಾರೂ ಇರಲಿಲ್ಲ. ನಾನು ಇದ್ದೆ, ಆದರೆ ಬಾಯಿ ತೆರೆಯಲಿಲ್ಲ. ಆಕೆ ಹೊಲದ ಸುತ್ತ ಬಂದು ಮುಗಿಸುವವರೆಗೆ ಅಂಗೈಯಲ್ಲಿ ಕಡುಬು ಹಿಡಿದು ಕಂಡಿಯಲ್ಲೇ ನಿಂತಿದ್ದೆ. ಮೂಡಣ ಕೆಂಪಾಯಿತು. ಗುಡ್ಡದ ಬುಡದಲ್ಲಿ ಚಿಗರಿಗಳು ಕಂಡವು. ಅವು ಅವತ್ತು ಈ ಕಡೆ ಬಂದೇ ಇರಲಿಲ್ಲ. ನಾನು ನೋಡಬೇಕಾದ್ದು ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಅವನ್ನೂ ನೋಡಿದೆ.

ಆಕೆ ಮರಳಿ ಬಂದು ನನ್ನ ಕೈಯಲ್ಲಿದ್ದ ಕಡುಬಿನ ಕಡೆ ನೋಡಿದಳು.

"ತಿನ್ರಿ. ಇವತ್ತ ಚೆಲ್ಲಿದ್ದನ್ನ ಇಲಿನೂ ತಿಂತಾವು, ಹಂದಿನೂ ತಿಂತಾವು. ನಿಮಗೊಬ್ಬರಿಗೆ ಇಲ್ಲ ಅನ್ನಾಕ ಬರೂದಿಲ್ಲ."

ತಿಂದೆ. ಆಕೆಯ ಎದುರಿಗೇ ನಿಂತು ಪೂರ್ತಿ ತಿಂದೆ.

"ಇದನ್ನ ಕೀಳ್ರಿ," ಎಂದಳು ಲಕ್ಕಿ ಟೊಂಗೆ ತೋರಿಸಿ. "ನಿಮ್ಮ ಕೈಲೆ ಹುಗಿಸಿದ್ದು, ನಿಮ್ಮ ಕೈಲೇ ಕೀಳ್ರಿ."

ಕಲ್ಲುಗಳನ್ನು ಸರಿಸಿ ಟೊಂಗೆ ಹಿಡಿದು ಎಳೆದೆ. ಬರಲಿಲ್ಲ. ಹತ್ತಿರದಿಂದ ನೋಡಿದೆ. ಗೆಣ್ಣಿನಲ್ಲಿ ಎಳೆ ಚಿಗುರು ಬಂದಿತ್ತು. ನೆಲದ ಮೇಲೆ ಕುಳಿತು ಬೆರಳಿನಿಂದ ಮಣ್ಣು ಕೆದರಿ ಎರಡೂ ಕೈಯಿಂದ ಎಳೆದಾಗ ಬಂತು. ಬುಡದಲ್ಲಿ ಬಿಳಿ ಬೇರು ಬಿಟ್ಟಿತ್ತು.

ಅದನ್ನು ಒಡ್ಡಿನಾಚೆ ಎಸೆಯಲು ಹೋದೆ.

"ಒಗೀಬ್ಯಾಡ್ರಿ. ಕೈಯಾಗ ಹಿಡಕೊಂಡ ಬರ್ರಿ. ನನಗ ಹೇಳಿದ್ದನ್ನ ಊರಾಗೂ ಹೇಳ್ರಿ. ನಾ ಹೇಳಿದ್ರ ಯಾರೂ ನಂಬೂದಿಲ್ಲ."

ಆಕೆ ಖಾಲಿ ಬುಟ್ಟಿ ಹಿಡಿದು ಮುಂದೆ ನಡೆದಳು, ನಾನು ಟೊಂಗೆ ಹಿಡಿದು ಹಿಂದೆ. ನಾನು ಹಿಂದೆ ಬೀಳುತ್ತಿದ್ದೇನೆಂದು ಗೊತ್ತಾದಾಗ ಆಕೆ ನಿಲ್ಲಲಿಲ್ಲ, ಆದರೆ ನಡಿಗೆ ಸ್ವಲ್ಪ ಸಾವಕಾಶ ಮಾಡಿದಳು.

ಊರು ತಲುಪಿದಾಗ ಹೊಲದಿಂದ ಮರಳಿದ ಗಂಡಸರು ಚಾವಡಿಯ ಕಟ್ಟೆಯ ಮೇಲೆ ಕುಳಿತು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಒಂದು ತಿಂಗಳಿನಿಂದ ನನ್ನನ್ನು ನೋಡಿದವರು. ಒಬ್ಬರು ಸರಿದು ಜಾಗ ಮಾಡಿಕೊಟ್ಟರು.

"ಬರ್ರಿ ಹಿರ್ಯಾರ, ಕುಂದರ್ರಿ. ಇವತ್ತ ಕಾಯಿ ಬಿಟ್ಟ ಟೊಂಗಿ ಹಿಡದೀರಲ್ಲ, ನೀರು ಸಿಕ್ತೇನ್ರಿ?"

ನಾನು ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ, ಆ ಪ್ರಶ್ನೆಯಿಂದಲೇ ಹೇಳಲು ಶುರು ಮಾಡಿದೆ.